ಅಕಾಡೆಮಿಯ ಬಾಗಿಲು ತಟ್ಟುವ ಮುನ್ನ: ವೈದ್ಯಕೀಯ ಸಂಶೋಧನೆಗೆ ಇಳಿದವರಿಗೊಂದು ಸಮಗ್ರ ಮಾರ್ಗದರ್ಶಿ

ನಮ್ಮ ಕಾಲೇಜಿನ ಕಾರಿಡಾರಿನಲ್ಲಿ ಹಿರಿಯ ಪ್ರೊಫೆಸರೊಬ್ಬರ ಕೊಠಡಿಗೆ ಹಿತ್ತಾಳೆಯ ನಾಮಫಲಕವಿದೆ. ಹೆಸರಿಗಿಂತ ಅದರ ಬಾಲವೇ ಉದ್ದ: ಎಂಡಿ, ಡಿಎನ್‌ಬಿ, ಎಂಎನ್‌ಎಎಂಎಸ್, ಎಫ್‌ಎಎಂಎಸ್. ಮೊನ್ನೆ ಒಬ್ಬ ಹೌಸ್ ಸರ್ಜನ್ ಅದರ ಮುಂದೆ ನಿಂತು, "ಸರ್, ಈ ಕೊನೇದು ಯಾವ ಎಕ್ಸಾಮು? ಕೋಚಿಂಗ್ ಇದೆಯಾ?" ಎಂದು ಕೇಳಿದ. ನಗು ಬಂತು, ಆದರೆ ತಪ್ಪು ಅವನದಲ್ಲ. ಆ ನಾಲ್ಕರಲ್ಲಿ ಎರಡು ಪರೀಕ್ಷೆ ಬರೆದು ಬಂದದ್ದು, ಒಂದು ಅರ್ಜಿ ಹಾಕಿ ಬಂದದ್ದು, ಇನ್ನೊಂದು ಬೇರೆಯವರು ಆರಿಸಿ ಕೊಟ್ಟದ್ದು. ಇದನ್ನು ಐದೂವರೆ ವರ್ಷದ ಎಂಬಿಬಿಎಸ್‌ನಲ್ಲಿ ಅವನಿಗೆ ಯಾರೂ ಹೇಳಿರಲಿಲ್ಲ.

ಅವನಿಗೆ ಅಂದು ಟೀ ಕುಡಿಯುತ್ತಾ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆದಿದ್ದೇನೆ. ವೈದ್ಯಕೀಯ ವಿದ್ಯಾರ್ಥಿಗಳು, ಪಿಜಿಗಳು, ಜಿಲ್ಲಾ ಕೇಂದ್ರದ ಕಾಲೇಜುಗಳಲ್ಲಿ ಕೆಲಸಕ್ಕೆ ಸೇರಿದ ಯುವ ಅಧ್ಯಾಪಕರು, ಜೀವವಿಜ್ಞಾನದಲ್ಲಿ ಎಂಎಸ್ಸಿ ಮಾಡುತ್ತಿರುವವರು ಇದನ್ನು ಓದಬಹುದು.

ಮೊದಲು, ಯಾರು ಯಾರು ಎಂದು ತಿಳಿಯಿರಿ

ನಮ್ಮ ದೇಶದಲ್ಲಿ "ರಾಷ್ಟ್ರೀಯ ಅಕಾಡೆಮಿ" ಎಂದರೆ ಒಂದೇ ಸಂಸ್ಥೆಯಲ್ಲ. ಮೇಘನಾದ ಸಹಾ 1930ರಲ್ಲಿ ಅಲಹಾಬಾದಿನಲ್ಲಿ ಕಟ್ಟಿದ್ದು ನ್ಯಾಷನಲ್ ಅಕಾಡೆಮಿ ಆಫ್ ಸೈನ್ಸಸ್, ಬಾಯಿಮಾತಿನಲ್ಲಿ ನಾಸಿ. ಸಿ.ವಿ. ರಾಮನ್ 1934ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ್ದು ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್. ಸದಾಶಿವನಗರದ ಕಡೆ ಹೋದವರು ಅದರ ಬೋರ್ಡು ನೋಡಿರುತ್ತೀರಿ. 1935ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿ, ಆಮೇಲೆ ದೆಹಲಿಗೆ ಹೋಗಿ, 1970ರಲ್ಲಿ ಈಗಿನ ಹೆಸರು ಪಡೆದದ್ದು ಇಂಡಿಯನ್ ನ್ಯಾಷನಲ್ ಸೈನ್ಸ್ ಅಕಾಡೆಮಿ, ಅಂದರೆ ಇನ್ಸಾ. ಐದು ವರ್ಷದೊಳಗೆ ಮೂರು ಅಕಾಡೆಮಿ! ಎಲ್ಲವನ್ನೂ ಒಂದೇ ಸೂರಿನಡಿ ತರುವ ಮಾತು ಆಗಲೂ ನಡೆದಿತ್ತು, ಆದರೆ ಕೂಡಿಬರಲಿಲ್ಲ. ಇದರಿಂದ ನಮಗೆ ಒಳ್ಳೆಯದೇ ಆಯಿತು ಅನ್ನುವುದು ನನ್ನ ಎಣಿಕೆ. ಒಂದು ಬಾಗಿಲು ಮುಚ್ಚಿದರೆ ಇನ್ನೆರಡು ಇರುತ್ತವೆ.

ಈ ಮೂರೂ ಎಲ್ಲ ವಿಜ್ಞಾನಗಳಿಗೆ ಸೇರಿದವು. ವೈದ್ಯಕೀಯ ಅವುಗಳ ಒಂದು ವಿಭಾಗ ಮಾತ್ರ. ವೈದ್ಯಕೀಯಕ್ಕೇ ಮೀಸಲಾದದ್ದು ದೆಹಲಿಯ ಅನ್ಸಾರಿ ನಗರದಲ್ಲಿರುವ ನ್ಯಾಷನಲ್ ಅಕಾಡೆಮಿ ಆಫ್ ಮೆಡಿಕಲ್ ಸೈನ್ಸಸ್, ನ್ಯಾಮ್ಸ್. 1961ರಲ್ಲಿ ಇಂಡಿಯನ್ ಅಕಾಡೆಮಿ ಆಫ್ ಮೆಡಿಕಲ್ ಸೈನ್ಸಸ್ ಎಂದು ನೋಂದಣಿಯಾಗಿ, 1976ರಲ್ಲಿ ಹೆಸರು ಬದಲಿಸಿಕೊಂಡಿತು. ಇಂದು ಡಿಎನ್‌ಬಿ ಎಂಬ ತಜ್ಞವೈದ್ಯ ಪರೀಕ್ಷೆ ನಡೆಸುವ ರಾಷ್ಟ್ರೀಯ ಪರೀಕ್ಷಾ ಮಂಡಳಿ 1975ರಲ್ಲಿ ಕಣ್ಣುಬಿಟ್ಟದ್ದು ಇದೇ ಅಕಾಡೆಮಿಯ ಮಡಿಲಲ್ಲಿ. 1982ರಲ್ಲಿ ಬೇರೆ ಮನೆ ಮಾಡಿತು. ನಾಮಫಲಕದ ಮೇಲೆ ಡಿಎನ್‌ಬಿಯ ಪಕ್ಕದಲ್ಲೇ ಎಂಎನ್‌ಎಎಂಎಸ್ ಕಾಣುವುದಕ್ಕೆ ಕಾರಣ ಈ ಹಳೆಯ ನಂಟು.

ಹಂತ 1: ದುಡ್ಡಿನ ಬಾಗಿಲು ಬೇರೆ, ಮನ್ನಣೆಯ ಬಾಗಿಲು ಬೇರೆ

ಹೊಸಬರು ಎಡವುವುದು ಇಲ್ಲೇ. ಹತ್ತು ಲಕ್ಷದ ಉಪಕರಣ ಬೇಕು ಎಂದು ಅಕಾಡೆಮಿಗೆ ಅರ್ಜಿ ಬರೆದು ಕೂರುತ್ತಾರೆ. ಅಕಾಡೆಮಿ ಬ್ಯಾಂಕಲ್ಲ. ದೊಡ್ಡ ಪ್ರಾಜೆಕ್ಟಿಗೆ ಹಣ ಕೊಡುವುದು ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ), ಆರೋಗ್ಯ ಸಂಶೋಧನಾ ಇಲಾಖೆ, ಜೈವಿಕ ತಂತ್ರಜ್ಞಾನ ಇಲಾಖೆ, 2023ರ ಕಾಯ್ದೆಯಿಂದ ಹುಟ್ಟಿದ ಅನುಸಂಧಾನ ನ್ಯಾಷನಲ್ ರಿಸರ್ಚ್ ಫೌಂಡೇಶನ್‌ನಂಥವು. ನಮ್ಮಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಕೂಡ ತನ್ನ ಕಾಲೇಜುಗಳಿಗೆ ಸಣ್ಣ ಪ್ರಾಜೆಕ್ಟು ಕೊಡುತ್ತದೆ.

ಹಾಗಾದರೆ ಅಕಾಡೆಮಿ ಕೊಡುವುದೇನು? ಎಳೆಯರಿಗೆ ಎರಡು ತಿಂಗಳ ಒಂದು ಅವಕಾಶ. ಅಧ್ಯಾಪಕರಿಗೆ ತರಬೇತಿ, ಕಾರ್ಯಾಗಾರ, ಸಿಎಂಇ (ವೈದ್ಯರ ಮುಂದುವರಿದ ಕಲಿಕೆಯ ಕಾರ್ಯಕ್ರಮ) ನಡೆಸಲು ನೆರವು. ಬರೆದದ್ದನ್ನು ಅಚ್ಚು ಹಾಕಲು ಜರ್ನಲ್. ಕೆಲಸ ಮಾಗಿದ ಮೇಲೆ ಪದಕ, ದತ್ತಿ ಉಪನ್ಯಾಸ, ಫೆಲೊಶಿಪ್. ಇದರಲ್ಲಿ ಫೆಲೊಶಿಪ್ ಎಂಬ ಪದ ಇಬ್ಬಗೆಯದು: ಬೇಸಿಗೆ ಫೆಲೊಶಿಪ್ ಎಂದರೆ ಶಿಷ್ಯವೇತನ, ಅಕಾಡೆಮಿಯ ಫೆಲೊ ಎಂದರೆ ಆಯ್ಕೆಯಾದ ಗೌರವ ಸದಸ್ಯ. ಎರಡನ್ನೂ ಬಯೋಡೇಟಾದಲ್ಲಿ ಒಂದೇ ಸಾಲಿನಲ್ಲಿ ಕಲಸಿ ಬರೆದವರನ್ನು ಕಂಡಿದ್ದೇನೆ. ಹಾಗೆ ಮಾಡಬೇಡಿ, ಬೇಗ ಸಿಕ್ಕಿಬೀಳುತ್ತೀರಿ.

ಹಂತ 2: ಎರಡು ತಿಂಗಳಿಂದ ಶುರು ಮಾಡಿ

ಬೆಂಗಳೂರಿನ ಅಕಾಡೆಮಿ, ಇನ್ಸಾ, ನಾಸಿ ಮೂರೂ ಕೂಡಿ ಬೇಸಿಗೆ ಸಂಶೋಧನಾ ಫೆಲೊಶಿಪ್ ನಡೆಸುತ್ತವೆ. ವಿದ್ಯಾರ್ಥಿಗಳೂ ಹಾಕಬಹುದು, ಅಧ್ಯಾಪಕರೂ ಹಾಕಬಹುದು. ಆಯ್ಕೆಯಾದರೆ ಒಬ್ಬ ವಿಜ್ಞಾನಿಯ ಪ್ರಯೋಗಾಲಯದಲ್ಲಿ ಎರಡು ತಿಂಗಳು ಕೆಲಸ, ತಿಂಗಳ ಶಿಷ್ಯವೇತನ, ಹೋಗಿಬರುವ ರೈಲಿನ ಖರ್ಚು. ಪ್ರಕಟಣೆ ಹಿಂದಿನ ವರ್ಷದ ಕೊನೆಯ ತಿಂಗಳುಗಳಲ್ಲೇ ಬರುತ್ತದೆ. ಬೇಸಿಗೆಯದು ಎಂದು ಮಾರ್ಚಿನಲ್ಲಿ ಹುಡುಕಲು ಹೊರಟರೆ ಬಸ್ಸು ಹೋಗಿರುತ್ತದೆ. ಯಾವ ಕೋರ್ಸಿನವರು ಅರ್ಹರು ಎಂಬುದನ್ನು ಆಯಾ ವರ್ಷದ ಪ್ರಕಟಣೆಯಲ್ಲೇ ಓದಿ. ಸೀನಿಯರ್ ಹೇಳಿದ್ದನ್ನು ನಂಬಿ ಕೂರಬೇಡಿ.

ಅರ್ಜಿಯಲ್ಲಿ ಅಂಕಪಟ್ಟಿಗಿಂತ ತೂಕದ ಕಾಗದ ಎರಡು. ಏನು ಮಾಡಬೇಕೆಂದಿದ್ದೀರಿ ಎಂಬ ಪುಟ್ಟ ಬರಹ ಒಂದು, ಗುರುಗಳ ಶಿಫಾರಸು ಪತ್ರ ಇನ್ನೊಂದು. ಬರಹದಲ್ಲಿ "ಬಾಲ್ಯದಿಂದಲೂ ನನಗೆ ವಿಜ್ಞಾನದಲ್ಲಿ ಆಸಕ್ತಿ" ಎಂದು ಶುರು ಮಾಡಿದರೆ ಓದುವವರು ಅಲ್ಲೇ ಆಕಳಿಸುತ್ತಾರೆ. ಶಿಫಾರಸು ಪತ್ರಕ್ಕೆ ಹೆಸರುವಾಸಿ ಎಚ್‌ಒಡಿಯ ಹಿಂದೆ ಬೀಳಬೇಡಿ. ಪ್ರಾಕ್ಟಿಕಲ್‌ನಲ್ಲಿ ನಿಮ್ಮ ಕೈ ನೋಡಿರುವ ಅಸಿಸ್ಟೆಂಟ್ ಪ್ರೊಫೆಸರ್ ಬರೆದ ಹತ್ತು ಸಾಲು, ಎಚ್‌ಒಡಿ ಸಹಿ ಹಾಕಿದ ಮಾಮೂಲಿ ಪತ್ರಕ್ಕಿಂತ ವಾಸಿ.

ಎಂಬಿಬಿಎಸ್, ಬಿಡಿಎಸ್ ಓದುತ್ತಿರುವವರಿಗೆ ಇನ್ನೂ ಹತ್ತಿರದ ದಾರಿ ಐಸಿಎಂಆರ್‌ನ ಅಲ್ಪಾವಧಿ ವಿದ್ಯಾರ್ಥಿವೇತನ, ಎಲ್ಲರ ಬಾಯಲ್ಲೂ ಎಸ್‌ಟಿಎಸ್. 1979ರಿಂದ ನಡೆಯುತ್ತಿದೆ. ಇದು ಅಕಾಡೆಮಿಯದಲ್ಲ, ಆದರೆ ಅಕಾಡೆಮಿಯ ದಾರಿ ಹಿಡಿದ ಎಷ್ಟೋ ವೈದ್ಯರ ಮೊದಲ ಮೆಟ್ಟಿಲು. ಒಂದು ಸೂಕ್ಷ್ಮ: ಒಬ್ಬ ಗೈಡ್‌ಗೆ ಒಬ್ಬನೇ ವಿದ್ಯಾರ್ಥಿ. ಹೀಗಾಗಿ ಚುರುಕಾದ ಗೈಡ್‌ಗಳು ಬೇಗ ಖಾಲಿಯಾಗುತ್ತಾರೆ. ಫಾರ್ಮ್ ತೆರೆಯುವ ಮೊದಲೇ ಹೋಗಿ ಮಾತಾಡಿಡಿ.

ಹಂತ 3: ಪ್ರಶ್ನೆ ಊರಿನದೇ ಇರಲಿ

ವಿ. ರಾಮಲಿಂಗಸ್ವಾಮಿ ಎಂಬ ಪ್ಯಾಥಾಲಜಿಸ್ಟ್ ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ 1950ರ ದಶಕದಲ್ಲಿ ಒಂದು ಸರಳ ಪ್ರಶ್ನೆ ಹಿಡಿದರು: ಇಲ್ಲಿಯ ಜನರ ಕುತ್ತಿಗೆಯ ಗಳಗಂಡ ಉಪ್ಪಿಗೆ ಅಯೋಡಿನ್ ಬೆರೆಸಿದರೆ ಇಳಿಯುತ್ತದೆಯೇ? ಕಣಿವೆಯನ್ನು ಮೂರು ವಲಯ ಮಾಡಿ, ಎರಡಕ್ಕೆ ಅಯೋಡಿನ್ ಬೆರೆಸಿದ ಉಪ್ಪು, ಒಂದಕ್ಕೆ ಮಾಮೂಲಿ ಉಪ್ಪು ಕೊಟ್ಟರು. ಕೆಲವು ವರ್ಷಗಳಲ್ಲೇ ಎರಡು ವಲಯಗಳಲ್ಲಿ ಗಳಗಂಡ ಇಳಿಯಿತು. ಆಮೇಲೆ ಮೂರನೆಯದಕ್ಕೂ ಅಯೋಡಿನ್ ಉಪ್ಪು ಸಿಕ್ಕಿತು. 1962ರಲ್ಲಿ ದೇಶ ಗಳಗಂಡ ನಿಯಂತ್ರಣ ಕಾರ್ಯಕ್ರಮ ಶುರು ಮಾಡಿತು. ಅವರೇ ಮುಂದೆ ಐಸಿಎಂಆರ್ ಮಹಾನಿರ್ದೇಶಕರಾದರು, ಇನ್ಸಾದ ಅಧ್ಯಕ್ಷರೂ ಆದರು. ಇಂದು ನಿಮ್ಮ ಅಡುಗೆಮನೆಯ ಉಪ್ಪಿನ ಪ್ಯಾಕೆಟ್ಟಿನ ಮೇಲಿರುವ ಆ ಒಂದು ಪದದ ಹಿಂದೆ ಆ ಕಣಿವೆಯಿದೆ.

ನಮ್ಮಲ್ಲೇ ನೋಡಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿದ್ದವು, ಸುತ್ತಲ ಹಳ್ಳಿಗಳಲ್ಲಿ ಜನ ಜ್ವರದಿಂದ ಮಲಗುತ್ತಿದ್ದರು. ಅಲ್ಲಿಂದ ಸಿಕ್ಕ ಹೊಸ ವೈರಸ್ಸು ಇವತ್ತಿಗೂ ಜಗತ್ತಿನ ಪಠ್ಯಗಳಲ್ಲಿ ಕ್ಯಾಸನೂರು ಹೆಸರಿನಲ್ಲೇ ಇದೆ. ನಿಮ್ಮ ಒಪಿಡಿಯ ಸಾಲಿನಲ್ಲಿ ಮತ್ತೆ ಮತ್ತೆ ಬರುವ, ಆದರೆ ಪುಸ್ತಕದಲ್ಲಿ ಸರಿಯಾಗಿ ಕೂರದ ಒಂದು ಸಂಗತಿಯನ್ನು ಆರು ತಿಂಗಳು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಪ್ರಶ್ನೆ ಅಲ್ಲಿಂದ ಹುಟ್ಟಲಿ; ಹಳೆಯ ಥೀಸಿಸ್‌ಗಳ ಕಪಾಟಿನಿಂದ ಅಲ್ಲ.

ಹಂತ 4: ಕಾಗದಪತ್ರ, ಮುಖ್ಯವಾಗಿ ಸಮ್ಮತಿ ಪತ್ರ

ಎಥಿಕ್ಸ್ ಕಮಿಟಿಯ (ಸಂಶೋಧನೆ ನೈತಿಕವಾಗಿದೆಯೇ ಎಂದು ನೋಡುವ ಸಮಿತಿ) ಒಪ್ಪಿಗೆ ಇಲ್ಲದ ಕೆಲಸವನ್ನು ಯಾವ ಅಕಾಡೆಮಿಯೂ ಮುಟ್ಟುವುದಿಲ್ಲ, ಯಾವ ಒಳ್ಳೆಯ ಜರ್ನಲ್ಲೂ ಅಚ್ಚು ಹಾಕುವುದಿಲ್ಲ. ರೋಗಿಗಳಿಗೆ ಔಷಧ, ಚಿಕಿತ್ಸೆ, ವ್ಯಾಯಾಮ ಏನನ್ನೇ ಕೊಟ್ಟು ನೋಡುವ ಅಧ್ಯಯನವಾದರೆ ದೇಶದ ಕ್ಲಿನಿಕಲ್ ಟ್ರಯಲ್‌ಗಳ ದಾಖಲೆ ಪಟ್ಟಿಯಾದ ಸಿಟಿಆರ್‌ಐನಲ್ಲಿ ನೋಂದಣಿ ಬೇಕು. ಅದು ಮೊದಲ ರೋಗಿಯನ್ನು ಸೇರಿಸಿಕೊಳ್ಳುವ ಮುಂಚೆಯೇ ಆಗಬೇಕು. 2018ರ ಏಪ್ರಿಲ್‌ನಿಂದ ಹಿಂದಿನ ತಾರೀಕಿಗೆ ನೋಂದಣಿ ಇಲ್ಲ. ಪಿಜಿ ಥೀಸಿಸ್‌ಗೂ ಇದೇ ಲೆಕ್ಕ.

ಸಮ್ಮತಿ ಪತ್ರದ ಬಗ್ಗೆ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಇದನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ಒಬ್ಬ ಪಿಜಿ ಇಂಗ್ಲಿಷ್ ಪತ್ರವನ್ನು ಮೊಬೈಲಿನಲ್ಲಿ ಅನುವಾದಿಸಿ ತಂದಿದ್ದಳು. "ತಮ್ಮನ್ನು ಯಾದೃಚ್ಛಿಕೀಕರಣದ ಮೂಲಕ ಎರಡು ಗುಂಪುಗಳಲ್ಲಿ ಒಂದಕ್ಕೆ ನಿಯೋಜಿಸಲಾಗುವುದು" ಎಂದಿತ್ತು. ವಾರ್ಡಿನಲ್ಲಿ ಒಬ್ಬ ಅಜ್ಜಿಗೆ ಓದಿ ಹೇಳಿದೆವು. ಅಜ್ಜಿ ನನ್ನ ಮುಖ ನೋಡಿ, "ಅದೆಲ್ಲಾ ನಮ್ಗೇನ್ ಗೊತ್ತಾಗುತ್ತಪ್ಪಾ, ಎಲ್ಲಿ ಹೆಬ್ಬೆಟ್ಟು ಒತ್ಲಿ ಹೇಳು" ಅಂದರು. ಅದು ಸಮ್ಮತಿಯಲ್ಲ, ಶರಣಾಗತಿ. ಮತ್ತೆ ಬರೆಸಿದೆ: "ಎರಡು ಬಗೆಯ ಮಾತ್ರೆ ಇದೆ. ಯಾವುದು ಹೆಚ್ಚು ಒಳ್ಳೆಯದು ಎಂದು ನಮಗೂ ಗೊತ್ತಿಲ್ಲ. ನಿಮಗೆ ಯಾವುದು ಎಂಬುದನ್ನು ಚೀಟಿ ಎತ್ತಿದ ಹಾಗೆ ತೀರ್ಮಾನಿಸುತ್ತೇವೆ. ಬೇಡ ಎಂದರೂ ನಿಮ್ಮ ಚಿಕಿತ್ಸೆ ನಿಲ್ಲುವುದಿಲ್ಲ." ಈ ಸಲ ಅಜ್ಜಿ ಕೇಳಿದರು: "ನಿಮ್ಗೇ ಗೊತ್ತಿಲ್ವಾ?" ಅದು ಸರಿಯಾದ ಪ್ರಶ್ನೆ. ಅದಕ್ಕೆ ಉತ್ತರ ಹೇಳಿ, ಅವರು ಒಪ್ಪಿದ ಮೇಲೆ ಹೆಬ್ಬೆಟ್ಟು ತೆಗೆದುಕೊಂಡೆವು.

ಹಂತ 5: ಎಲ್ಲಿ ಅಚ್ಚು ಹಾಕಿಸುವುದು

ನ್ಯಾಮ್ಸ್‌ಗೆ ಆ್ಯನಲ್ಸ್ ಎಂಬ ಸ್ವಂತ ಜರ್ನಲ್ ಇದೆ. ಬೆಂಗಳೂರಿನ ಅಕಾಡೆಮಿಗೆ ಜರ್ನಲ್ ಆಫ್ ಬಯೋಸೈನ್ಸಸ್, ಜರ್ನಲ್ ಆಫ್ ಜೆನೆಟಿಕ್ಸ್ ಇವೆ. ವಿದ್ಯಾರ್ಥಿಗಳಿಗೆ ಹೇಳಿಮಾಡಿಸಿದಂಥ ರೆಸೊನೆನ್ಸ್ ಕೂಡ ಅದರದ್ದೇ. "ಮೂರು ದಿನದಲ್ಲಿ ಪ್ರಕಟಣೆ, ಶುಲ್ಕ ಇಷ್ಟು" ಎಂದು ಇಮೇಲ್ ಕಳಿಸುವವರನ್ನು ದೂರ ಇಡಿ. ಅಂಥ ಹತ್ತು ಲೇಖನ ನಿಮ್ಮ ಪಟ್ಟಿಯಲ್ಲಿದ್ದರೆ ಆಯ್ಕೆ ಸಮಿತಿಯಲ್ಲಿ ಕೂತವರು ಉಳಿದ ಎರಡು ಒಳ್ಳೆಯ ಲೇಖನಗಳನ್ನೂ ಅನುಮಾನದಿಂದ ಓದುತ್ತಾರೆ.

ನಕಲು ಮಾಡಬೇಡಿ ಎಂದು ಹೇಳುವಾಗ ಒಂದು ಮುಜುಗರದ ಕತೆಯನ್ನೂ ಹೇಳಲೇಬೇಕು. 2010ರಲ್ಲಿ ಬಿಟಿ ಬದನೆಯ ಗದ್ದಲದ ನಡುವೆ ಕೇಂದ್ರ ಸಚಿವರು ಕೇಳಿದ್ದಕ್ಕೆ ದೇಶದ ಆರು ಅಕಾಡೆಮಿಗಳು ಕೂಡಿ ಕುಲಾಂತರಿ ಬೆಳೆಗಳ ಮೇಲೆ ವರದಿ ಕೊಟ್ಟವು. ನ್ಯಾಮ್ಸ್ ಕೂಡ ಆ ಆರರಲ್ಲಿತ್ತು. ಬೇರೆಡೆ ಅಚ್ಚಾಗಿದ್ದ ಸಾಲುಗಳು ಹಾಗೇ ಅದರೊಳಗೆ ಬಂದಿದ್ದವು. ಪತ್ರಿಕೆಗಳು ಎತ್ತಿ ತೋರಿಸಿದವು, ವರದಿಯನ್ನು ತಿದ್ದಿ ಮತ್ತೆ ಕೊಡಬೇಕಾಯಿತು. ದೊಡ್ಡವರೇ ಎಡವಿದ ಕಲ್ಲು ಅದು. ನಿಮ್ಮ ಥೀಸಿಸ್‌ನ ಪರಿಚಯ ಅಧ್ಯಾಯವನ್ನು ನಕಲು ಪತ್ತೆಹಚ್ಚುವ ಸಾಫ್ಟ್‌ವೇರಿಗೆ ಕೊಡುವ ಮೊದಲು ನೀವೇ ಒಮ್ಮೆ ಗಟ್ಟಿಯಾಗಿ ಓದಿ. ಎಲ್ಲಿ ನಿಮ್ಮ ಇಂಗ್ಲಿಷ್ ಇದ್ದಕ್ಕಿದ್ದಂತೆ ಚೆನ್ನಾಗುತ್ತದೋ ಅಲ್ಲಿ ಕೆಂಪು ಗೆರೆ ಎಳೆಯಿರಿ.

ಹಂತ 6: ನಾಮನಿರ್ದೇಶನ

ಇಲ್ಲಿಂದ ಮುಂದೆ ಆಟವೇ ಬೇರೆ. ಶಿಷ್ಯವೇತನಕ್ಕೆ ನೀವು ಅರ್ಜಿ ಹಾಕುತ್ತೀರಿ. ಫೆಲೊಶಿಪ್‌ಗೆ ನಿಮ್ಮ ಪರವಾಗಿ ಈಗಾಗಲೇ ಫೆಲೊ ಆಗಿರುವವರು ಬರೆಯಬೇಕು. ಆ ಹೆಸರು ವಿಷಯವಾರು ಸಮಿತಿಗೆ ಹೋಗುತ್ತದೆ, ಅಲ್ಲಿ ಸೋಸಿ ಕೌನ್ಸಿಲ್ಲಿಗೆ, ಕೊನೆಗೆ ಫೆಲೊಗಳ ಮತಕ್ಕೆ. ನೀವೆಷ್ಟೇ ದೊಡ್ಡ ಕೆಲಸ ಮಾಡಿರಿ, ಕಾಗದದಲ್ಲಿ ನಿಮ್ಮ ಹೆಸರು ಮೇಜಿನ ಮೇಲೆ ಬರದಿದ್ದರೆ ಸಮಿತಿಯ ಪಾಲಿಗೆ ನೀವು ಇಲ್ಲ.

ಉತ್ಪ್ರೇಕ್ಷೆ ಎನ್ನಿಸಿದರೆ ಶಂಭುನಾಥ ಡೇ ಅವರನ್ನು ನೆನೆಯಿರಿ. ಕಲ್ಕತ್ತೆಯ ಪ್ಯಾಥಾಲಜಿಸ್ಟ್. ಮೊಲದ ಕರುಳಿನ ತುಂಡನ್ನು ಎರಡೂ ಕಡೆ ಕಟ್ಟಿ, ಅದರೊಳಗೆ ಕಾಲರಾ ರೋಗಾಣು ಬೆಳೆದಿದ್ದ ದ್ರವವನ್ನು, ರೋಗಾಣು ಒಂದೂ ಉಳಿಯದಂತೆ ಸೋಸಿ ಹಾಕಿದರು. ಕರುಳು ನೀರು ತುಂಬಿ ಊದಿಕೊಂಡಿತು. ಅಂದರೆ ಮನುಷ್ಯನನ್ನು ಹಿಂಡಿ ಹಾಕುವುದು ರೋಗಾಣು ಬಿಡುವ ವಿಷ ಎಂದಾಯಿತು. 1959ರಲ್ಲಿ ನೇಚರ್ ಎಂಬ ಹೆಸರುವಾಸಿ ವಿಜ್ಞಾನ ಪತ್ರಿಕೆಯಲ್ಲಿ ಅಚ್ಚಾಯಿತು. ಕಾಲರಾವನ್ನು ಜಗತ್ತು ನೋಡುವ ಬಗೆಯೇ ತಿರುಗಿತು. 1978ರಲ್ಲಿ ಕಾಲರಾ ಕುರಿತ ನೊಬೆಲ್ ವಿಚಾರಗೋಷ್ಠಿಗೆ ಅವರನ್ನು ಕರೆಸಿದರು. ನಮ್ಮ ದೇಶದ ಒಂದೇ ಒಂದು ಅಕಾಡೆಮಿಯೂ ಅವರನ್ನು ಫೆಲೊ ಮಾಡಲಿಲ್ಲ. 1985ರಲ್ಲಿ ತೀರಿಕೊಂಡರು. ಐದು ವರ್ಷದ ಮೇಲೆ, 1990ರಲ್ಲಿ, ಬೆಂಗಳೂರಿನಿಂದ ಹೊರಡುವ ಕರೆಂಟ್ ಸೈನ್ಸ್ ಅವರಿಗೊಂದು ವಿಶೇಷ ಸಂಚಿಕೆ ಮೀಸಲಿಟ್ಟಿತು. ಮೂರು ಅಕಾಡೆಮಿಗಳಲ್ಲಿ ಒಬ್ಬರಾದರೂ ಆ ಹೆಸರನ್ನು ಕೊನೆತನಕ ಹಿಡಿದು ನಿಲ್ಲಬೇಕಿತ್ತು ಎಂದು ನನಗೆ ಪ್ರತಿಸಲ ಅನ್ನಿಸುತ್ತದೆ.

ಹಾಗಾಗಿ ಸಂಕೋಚ ಬಿಡಿ. ಬೇಡುವುದು ಬೇರೆ, ತಿಳಿಸುವುದು ಬೇರೆ. ನಿಮ್ಮ ವಿಷಯದಲ್ಲಿ ಕೆಲಸ ಮಾಡಿರುವ ಫೆಲೊ ಯಾರಿದ್ದಾರೆಂದು ಅಕಾಡೆಮಿಯ ಪಟ್ಟಿಯಲ್ಲಿ ನೋಡಿ. ಸಮ್ಮೇಳನದಲ್ಲಿ, ಸಿಎಂಇಯಲ್ಲಿ ಅವರ ಮುಂದೆ ಪೋಸ್ಟರ್ ಇಡಿ. ಲೇಖನ ಅಚ್ಚಾದಾಗ ಎರಡು ಸಾಲಿನ ಪತ್ರದೊಂದಿಗೆ ಕಳಿಸಿ. ವರ್ಷಕ್ಕೆ ಒಂದು ಸಾಕು. ಹಬ್ಬದ ಶುಭಾಶಯ ಪ್ರತಿ ವಾರ ಬೇಡ.

ನಾಮನಿರ್ದೇಶನದ ಕಾಗದದಲ್ಲಿ ಹೆಚ್ಚು ಓದಿಸಿಕೊಳ್ಳುವುದು ಸಾಧನೆಯ ಆ ಒಂದು ಪ್ಯಾರಾ. ಸಹಿ ಫೆಲೊ ಅವರದು, ಕರಡು ಸಾಮಾನ್ಯವಾಗಿ ನಿಮ್ಮದೇ. "ಅಭ್ಯರ್ಥಿಯು 62 ಲೇಖನ ಪ್ರಕಟಿಸಿದ್ದು, 40 ಸಮ್ಮೇಳನಗಳಲ್ಲಿ ಭಾಗವಹಿಸಿ, ಅಪಾರ ಕೊಡುಗೆ ನೀಡಿದ್ದಾರೆ" ಎಂದು ಬರೆದರೆ ಅದು ಸನ್ಮಾನ ಪತ್ರ. ಶಾಲು, ಹಾರ, ಹಣ್ಣಿನ ಬುಟ್ಟಿ ಮಾತ್ರ ಬಾಕಿ. ಒಂದು ಕಲ್ಪಿತ ಉದಾಹರಣೆ ಕೊಡುತ್ತೇನೆ: "ತಾಲ್ಲೂಕು ಆಸ್ಪತ್ರೆಗಳಲ್ಲಿ ಗರ್ಭಿಣಿಯರ ರಕ್ತಹೀನತೆಯನ್ನು ಬೆರಳ ತುದಿಯ ರಕ್ತದಿಂದ ಅಳೆಯುವಾಗ ಆಗುತ್ತಿದ್ದ ತಪ್ಪಿನ ಪ್ರಮಾಣವನ್ನು ಮೊದಲು ತೋರಿಸಿದವರು, ಅದಕ್ಕೆ ಸೂಚಿಸಿದ ತಿದ್ದುಪಡಿಯನ್ನು ಜಿಲ್ಲೆ ಅಳವಡಿಸಿಕೊಂಡಿದೆ." ಇದರಲ್ಲಿ ಏನು ಕಂಡರು, ಅದರಿಂದ ಏನು ಬದಲಾಯಿತು, ಎರಡೂ ಇವೆ. ಸಮಿತಿಯವರು ಹುಡುಕುವುದು ಈ ಎರಡನ್ನೇ.

ನನ್ನದೇ ಒಂದು ಪೆಚ್ಚುತನವನ್ನೂ ಹೇಳಿಬಿಡುತ್ತೇನೆ. ಒಮ್ಮೆ ನನ್ನ ಹೆಸರು ಸೂಚಿಸಲು ಒಪ್ಪಿದ್ದ ಹಿರಿಯರು ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೊರಟರು. ಸಹಿ ಬಿಟ್ಟು ಎಲ್ಲ ಸಿದ್ಧವಿತ್ತು. "ಕೊನೆ ವಾರದಲ್ಲಿ ನೋಡೋಣ" ಅಂದುಕೊಂಡೆ. ಕೊನೆ ವಾರದಲ್ಲಿ ಅವರ ಫೋನು ಹತ್ತಲಿಲ್ಲ. ಒಂದು ವರ್ಷ ಹೋಯಿತು, ಮುಂದಿನ ವರ್ಷಕ್ಕೆ ಆ ಪುರಸ್ಕಾರದ ವಯೋಮಿತಿಯೂ ದಾಟಿತ್ತು. ಅಂದಿನಿಂದ ಕೊನೆಯ ದಿನಾಂಕಕ್ಕೆ ಒಂದು ತಿಂಗಳು ಮುಂಚೆ ನನ್ನ ಡೈರಿಯಲ್ಲಿ "ಸಹಿ" ಎಂದು ಬರೆದಿರುತ್ತದೆ.

ಹಂತ 7: ಹೆಸರಿನ ಮುಂದಿನ ಅಕ್ಷರಗಳು

ಈಗ ಆ ಹಿತ್ತಾಳೆ ಫಲಕಕ್ಕೆ ಬರೋಣ. ಡಿಎನ್‌ಬಿ ಪಾಸಾದವರು ನ್ಯಾಮ್ಸ್‌ನ ಒಬ್ಬ ಫೆಲೊ ಸೂಚಿಸಿದ ಅರ್ಜಿಯೊಂದಿಗೆ ಶುಲ್ಕ ಕಟ್ಟಿ ಸದಸ್ಯರಾದರೆ ಎಂಎನ್‌ಎಎಂಎಸ್. ಪರೀಕ್ಷೆ ಪಾಸಾದ ಮಾತ್ರಕ್ಕೆ ಅದು ತಾನಾಗಿ ಬರುವುದಿಲ್ಲ. ಸದಸ್ಯರಾಗದೆ ಫಲಕದಲ್ಲಿ ಬರೆಸಿಕೊಳ್ಳಬೇಡಿ. ಕೆಲಸ ನೋಡಿ ಚುನಾಯಿಸಿದ ಸದಸ್ಯತ್ವ ಎಂಎಎಂಎಸ್. ಅದಕ್ಕೂ ಮೇಲಿನದು ಎಫ್‌ಎಎಂಎಸ್. ಇನ್ಸಾದ ಫೆಲೊ ಎಫ್‌ಎನ್‌ಎ, ಬೆಂಗಳೂರಿನ ಅಕಾಡೆಮಿಯವರು ಎಫ್‌ಎಎಸ್‌ಸಿ, ನಾಸಿಯವರು ಎಫ್‌ಎನ್‌ಎಎಸ್‌ಸಿ. ಒಂದೊಂದು ಅಕ್ಷರದ ವ್ಯತ್ಯಾಸ ಅಷ್ಟೇ, ಹಿಂದಿನ ದಾರಿ ಮಾತ್ರ ಬೇರೆ ಬೇರೆ. ಮೂವತ್ತೈದರೊಳಗಿನವರಿಗೆ ಬೆಂಗಳೂರಿನ ಅಕಾಡೆಮಿಯ ಯುವ ಅಸೋಸಿಯೇಟ್ ಆಯ್ಕೆ ಇದೆ, 1983ರಲ್ಲಿ ಶುರುವಾದದ್ದು. ಕೆಲವು ವರ್ಷಗಳ ಅವಧಿಯದು. ವಾರ್ಷಿಕ ಸಭೆಗೆ ಕರೆಯುತ್ತಾರೆ. ಯುವ ವೈದ್ಯ ಸಂಶೋಧಕರು ಇದನ್ನು ಕಣ್ಣೆತ್ತಿ ನೋಡುವುದೇ ಕಡಿಮೆ, ಅದೆಲ್ಲ ಐಐಎಸ್‌ಸಿಯವರಿಗೆ ಎಂದುಕೊಂಡುಬಿಟ್ಟಿದ್ದಾರೆ.

ಹಂತ 8: ಸರ್ಕಾರದ ಪುರಸ್ಕಾರ

2023ರಲ್ಲಿ ಕೇಂದ್ರ ಸರ್ಕಾರ ಹಳೆಯ ಹಲವು ಪ್ರಶಸ್ತಿಗಳನ್ನು ಬದಿಗಿಟ್ಟು ರಾಷ್ಟ್ರೀಯ ವಿಜ್ಞಾನ ಪುರಸ್ಕಾರ ತಂದಿತು. ವಿಜ್ಞಾನ ರತ್ನ, ವಿಜ್ಞಾನ ಶ್ರೀ, 45 ವರ್ಷದವರೆಗಿನವರಿಗೆ ವಿಜ್ಞಾನ ಯುವ, ತಂಡಗಳಿಗೆ ವಿಜ್ಞಾನ ಟೀಮ್. ಎಲ್ಲ ಸೇರಿ ವರ್ಷಕ್ಕೆ ಹೆಚ್ಚೆಂದರೆ 56. ಹದಿಮೂರು ಕ್ಷೇತ್ರಗಳಲ್ಲಿ ವೈದ್ಯಕೀಯವೂ ಒಂದು. ನಾಮನಿರ್ದೇಶನಕ್ಕೆ ಮೊದಲು ಗೊತ್ತುಮಾಡಿದ್ದ ಕಾಲ ಜನವರಿ 14ರಿಂದ ಫೆಬ್ರವರಿ 28. ಸಂಕ್ರಾಂತಿಯಿಂದ ವಿಜ್ಞಾನ ದಿನದವರೆಗೆ; ಆದರೆ ಆಯಾ ವರ್ಷದ ಪ್ರಕಟಣೆಯನ್ನೇ ನೋಡಿಕೊಳ್ಳಿ. ಮೊದಲ ವಿಜ್ಞಾನ ರತ್ನ 2024ರಲ್ಲಿ ಬಂದದ್ದು ಐಐಎಸ್‌ಸಿಯ ಮಾಜಿ ನಿರ್ದೇಶಕ, ಜೀವರಸಾಯನ ವಿಜ್ಞಾನಿ ಜಿ. ಪದ್ಮನಾಭನ್ ಅವರಿಗೆ. ಮಲೇರಿಯಾ ಪರಾವಲಂಬಿ ತನಗೆ ಬೇಕಾದ ಹೀಮ್ ಎಂಬ ಕಬ್ಬಿಣದ ಅಂಶವುಳ್ಳ ವಸ್ತುವನ್ನು ತಾನೇ ಹೇಗೆ ತಯಾರಿಸಿಕೊಳ್ಳುತ್ತದೆ ಎಂಬ ಒಂದೇ ಎಳೆಯನ್ನು ದಶಕಗಳ ಕಾಲ ಹಿಡಿದವರು.

ಒಂದು ಫೈಲು ಮಾಡಿಡಿ

ಇದನ್ನು ಇಂದೇ ಮಾಡಬಹುದು. ಹುಟ್ಟಿದ ದಿನಾಂಕದ ದಾಖಲೆ, ಪದವಿ ಪ್ರಮಾಣಪತ್ರ, ಎಥಿಕ್ಸ್ ಒಪ್ಪಿಗೆ ಪತ್ರಗಳು, ಸಿಟಿಆರ್‌ಐ ಸಂಖ್ಯೆಗಳು, ಪ್ರತಿ ಲೇಖನದ ಪೂರ್ತಿ ಪ್ರತಿ ಇರಲಿ. ಪ್ರತಿ ಲೇಖನದ ಹಿಂದೆ ಅದರಲ್ಲಿ ನಿಮ್ಮ ಕೈಯ ಕೆಲಸ ಯಾವುದು ಎಂದು ಎರಡು ಸಾಲು ಬರೆದಿಡಿ. ಐದು ವರ್ಷದ ಮೇಲೆ ಎಂಟು ಲೇಖಕರ ಲೇಖನದಲ್ಲಿ ನೀವು ಮಾಡಿದ್ದೇನು ಎಂದು ಫಾರ್ಮ್ ಕೇಳಿದಾಗ ನಿಮಗೇ ನೆನಪಿರುವುದಿಲ್ಲ.

ಕೆಲವರಿಗೆ ಒಂದು ದಿನ ನೀವೇ ಫೆಲೊ ಆಗಿ, ಬೇರೆಯವರ ಹೆಸರು ಸೂಚಿಸಿ ಎಂಬ ಪತ್ರ ಬರುತ್ತದೆ. ಆಗ ಅದೇ ಫೈಲಿನಲ್ಲಿ ಇನ್ನೊಂದು ವಿಭಾಗ ತೆರೆಯಿರಿ. ಹಳ್ಳಿಗಾಡಿನ ಆಸ್ಪತ್ರೆಯಲ್ಲಿ, ಹೆಸರಿಲ್ಲದ ಕಾಲೇಜಿನಲ್ಲಿ ಒಳ್ಳೆಯ ಕೆಲಸ ಮಾಡುತ್ತಿರುವ ಮೂವರ ಹೆಸರು ಬರೆದು, ಅವರಿಗೆ ಫೋನ್ ಮಾಡಿ ಬಯೋಡೇಟಾ ತರಿಸಿಕೊಳ್ಳಿ. ಅವರಾಗಿ ಕೇಳುವುದಿಲ್ಲ. ಪತ್ರದ ಕೊನೆಯಲ್ಲಿರುವ ದಿನಾಂಕಕ್ಕೆ ಒಂದು ತಿಂಗಳು ಮುಂಚೆ ಸಹಿ ಹಾಕಿ ಕಳಿಸಿ, ಅಮೆರಿಕಕ್ಕೆ ಟಿಕೆಟ್ ಆಮೇಲೆ ಮಾಡಿಸಿ.